ಸಭೆಗೆ ಬರಲಾಗದ ಮೇವಿಸ್

ನಮ್ಮ ವಿಲ್ಗಾರಾದ ಅಂಚೆ ಕಚೇರಿ ಕಟ್ಟಿದ್ದು ಊರಿಗೆ ಚಿನ್ನದ ಹುಚ್ಚು ಹಿಡಿದಿದ್ದ ಕಾಲದಲ್ಲಿ. ಊರು ಸಿಡ್ನಿಯಷ್ಟು ಬೆಳೆಯುತ್ತದೆಂದು ನಂಬಿ, ಹೊಳೆಯಾಚೆಯಿಂದ ಕಲ್ಲು ತಂದು ಕೋಟೆಯಂಥ ಗೋಡೆ ಎಬ್ಬಿಸಿದರು. ಗೋಪುರದಲ್ಲಿ ಗಡಿಯಾರಕ್ಕೆಂದು ದುಂಡನೆಯ ತೂತು ಬಿಟ್ಟರು. ಚಿನ್ನ ಮುಗಿಯಿತು, ಗಡಿಯಾರ ಬರಲಿಲ್ಲ, ತೂತಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಕುದುರೆಗಾಡಿಯ ಟಪಾಲು ಹೋಗಿ ಲಾರಿಯ ಟಪಾಲು ಬಂತು. ಟೆಲಿಫೋನು ಬಂದಾಗ, ಕರೆಗಳನ್ನು ಕೈಯಿಂದ ಜೋಡಿಸಿಕೊಡುವ ಸ್ವಿಚ್‌ಬೋರ್ಡನ್ನು ಕೌಂಟರಿನ ಪಕ್ಕದ ಕೋಣೆಯಲ್ಲಿಟ್ಟರು. ಅದರ ಗಂಟೆ ಕಚೇರಿಯ ಹಿಂಬದಿಗೆ ಅಂಟಿದ ಮನೆಯ ಮಲಗುವ ಕೋಣೆಗೂ ಕೇಳಲಿ ಎಂದು ನಡುಗೋಡೆ ಕೊರೆದರು. ಆ ಕೋಣೆಯಲ್ಲೇ ಹುಟ್ಟಿದವಳು ಮೇವಿಸ್ ಟ್ರೆಗಿಯರ್.

ತಾಯಿ ಪೋಸ್ಟ್‌ಮಿಸ್ಟ್ರೆಸ್ ಆಗಿದ್ದಳು. ಅವಳು ಸತ್ತ ದಿನ ಹೆಣ ಒಳಗಿತ್ತು, ಮಗಳು ಬೋರ್ಡಿನ ಮುಂದೆ ಕೂತು ಸಾವಿನ ಸುದ್ದಿ ಹೇಳುವವರಿಗೆಲ್ಲ ಲೈನು ಕೊಡುತ್ತಿದ್ದಳು. ಬೋರ್ಡಿನ ಹತ್ತಿರ ಹಗಲೂ ರಾತ್ರಿ ಒಬ್ಬ ಆಳು ಇರಬೇಕು. ಅದು ಅಂಚೆ ಇಲಾಖೆಯ ಕಟ್ಟಳೆ. ಬದಲಿ ಆಳು ಕೊಡುವುದು ಮಾತ್ರ ಇಲಾಖೆಗೆ ನೆನಪಾಗುತ್ತಿರಲಿಲ್ಲ. ತಾಯಿಯ ಜಾಗಕ್ಕೆ ಬಂದ ಮೇವಿಸ್ ಸ್ನಾನಕ್ಕೆ ಹೋದರೂ ಬಾಗಿಲು ಮುಚ್ಚುವಂತಿರಲಿಲ್ಲ. ಅವಳ ಅಕ್ಕ ಕಡಲ ತಡಿಯ ಊರಿನಲ್ಲಿದ್ದಳು. ಮೇವಿಸ್ ಕಡಲನ್ನೇ ಕಂಡಿರಲಿಲ್ಲ.

ಊರಿಗೇನೋ ಇದರಿಂದ ಬಲು ಸುಖ. ನಂಬರು ಹೇಳುವ ಕಷ್ಟವನ್ನೂ ಯಾರೂ ಪಡುತ್ತಿರಲಿಲ್ಲ.

“ಡಾಕ್ಟರ್ ಮನೆಗೆ ಕೊಡೆ ಮೇವಿಸ್.”

“ಮನೇಲೆಲ್ಲಿದಾನೆ? ಪಬ್ಬಲ್ಲಿ ಕುಡೀತಾ ಇದಾನೆ, ಅಲ್ಲಿಗೇ ಕೊಡ್ತೀನಿ. ನಿನ್ನ ಗಂಡನೂ ಅಲ್ಲೇ ಬಿದ್ದಿದಾನೆ, ಅವನನ್ನೂ ಬೈದುಬಿಡ್ತೀಯಾ?”

ಕಾಡಿಗೆ ಬೆಂಕಿ ಬಿದ್ದರೆ ಎಲ್ಲ ಮನೆಗೂ ಒಟ್ಟಿಗೇ ಒಂದು ಉದ್ದನೆಯ ಗಂಟೆ ಕೊಡುತ್ತಿದ್ದಳು. ಅದು ಕೇಳಿದರೆ ತಟ್ಟೆ ಬಿಟ್ಟು ಓಡಬೇಕು.

ಒಂದು ವರ್ಷ ಇಲಾಖೆ ಹೇಳಿತು: ಆಳು ಬೇಡದ ಯಂತ್ರ ತರುತ್ತೇವೆ, ಬೋರ್ಡು ಕಿತ್ತುಹಾಕುತ್ತೇವೆ. ಮೇವಿಸ್ ಅಕ್ಕನ ಮನೆಯ ಹಿಂದಿನ ಕೋಣೆಗೆಂದು ಪರದೆ ಹೊಲಿಯತೊಡಗಿದಳು. ಊರು ಕೆರಳಿತು. ‘ಮೇವಿಸಳ ಕೆಲಸ ಉಳಿಸಿ’ ಎಂಬ ಸಮಿತಿಯಾಯಿತು. ಬೆಂಕಿ ಆರಿಸುವ ದಳದ ಕ್ಯಾಪ್ಟನ್ ಬರ್ಟ್ ಹ್ಯಾನ್ಲಾನ್ ಅದರ ಅಧ್ಯಕ್ಷ. ಉಣ್ಣೆ ಕತ್ತರಿಸುವವರ ಮುಷ್ಕರಗಳಲ್ಲಿ ಪಳಗಿದ ನಾವು ಫಲಕ ಬರೆದುಕೊಟ್ಟೆವು.

ಶನಿವಾರ ಮಧ್ಯಾಹ್ನ ಊರ ಸಭಾಂಗಣದಲ್ಲಿ ಸಭೆ. ಎಲ್ಲರೂ ಬಂದರು, ಮೇವಿಸ್ ಒಬ್ಬಳನ್ನು ಬಿಟ್ಟು. ಬೋರ್ಡು ಬಿಟ್ಟು ಬರುವಂತಿಲ್ಲವಲ್ಲ. ಬರ್ಟ್ ಒಂದು ಕೈಯಲ್ಲಿ ಬೀರಿನ ಲೋಟ ಹಿಡಿದು ಮೇಜು ಗುದ್ದುತ್ತಿದ್ದ ಹೊತ್ತಿಗೆ ಸಭಾಂಗಣದ ಫೋನು ಬಡಿದುಕೊಂಡಿತು. ಎದುರಿನ ಪಬ್ಬಿನದೂ ಬಡಿದುಕೊಂಡಿತು, ಸಾಲುಮನೆಗಳದೂ. ಉದ್ದನೆಯ ಗಂಟೆ. ಕುರ್ಚಿಗಳು ಉರುಳಿದವು. ನೀರಿನ ಲಾರಿ ಅಂಚೆ ಕಚೇರಿಯ ಮುಂದೆ ಗಕ್ಕನೆ ನಿಂತಿತು.

ಜಗಲಿಯ ಮೇಲೆ ಮೇವಿಸ್ ನಿಂತಿದ್ದಳು.

“ಎಲ್ಲೇ ಬೆಂಕಿ?” ಬರ್ಟ್ ಏದುಸಿರು ಬಿಡುತ್ತ ಕೂಗಿದ.

“ಎಲ್ಲೂ ಇಲ್ಲ. ನಾನು ಸಭೆಗೆ ಬರೋ ಹಾಗಿಲ್ವಲ್ಲ, ಅದಕ್ಕೆ ಸಭೇನೇ ಕರೆಸ್ಕೊಂಡೆ. ಕೇಳಿಸ್ಕೊಳ್ರೋ. ನನಗೆ ಈ ಕೆಲಸ ಬೇಡ. ಮಷೀನು ಬರಲಿ, ನಾನು ಹೋಗ್ಬೇಕು.”

“ನಿನಗೋಸ್ಕರಾನೇ ಗಂಟಲು ಹರ್ಕೊಳ್ತಾ ಇದೀವಲ್ಲೇ ಮಾರಾಯ್ತಿ!”

“ನನ್ನ ಒಂದು ಮಾತು ಕೇಳಿದ್ರೇನೋ?”

“ಕೇಳೋದೇನು ಬಂತು? ನಿನ್ನ ಕೆಲಸ ತಾನೆ?”

ಬರ್ಟ್ ಜನರ ಕಡೆ ತಿರುಗಿದ. ಅವನ ಮುಖ ಅರಳಿತ್ತು. “ನೋಡಿದ್ರೇನ್ರೋ? ಬೀರಿನ ಲೋಟ ಇನ್ನೂ ಕೈಯಲ್ಲೇ ಇದೆ, ಇಡೀ ಊರು ಇಲ್ಲಿ ಬಂದು ನಿಂತಿದೆ! ಯಾವ ಮಷೀನು ಮಾಡುತ್ರೋ ಇದನ್ನ?”

ಜನ ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆ ಹಾಕಿದರು. ಮೇವಿಸ್ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಬೋರ್ಡಿನ ಗಂಟೆ ಬಡಿಯಿತು. ಕಾಲು ತಾನಾಗಿ ತಿರುಗಿ ಅವಳನ್ನು ಒಳಗೆ ಎಳೆದುಕೊಂಡು ಹೋಯಿತು. “ಹೇಳಿ, ಯಾರು ಬೇಕು?” ಎಂದದ್ದು ನಮಗೆಲ್ಲ ಕೇಳಿಸಿತು.

ಆ ಶನಿವಾರದ ಓಟವನ್ನೇ ಮನವಿಯಲ್ಲಿ ಮೊದಲು ಬರೆದು ಕಳಿಸಿದರು. ಇಲಾಖೆ ಬಗ್ಗಿತು. ಯಂತ್ರ ಬೇರೆ ಊರಿಗೆ ಹೋಯಿತು.

ಗೆದ್ದ ಖುಷಿಗೆ ಊರು ಚಂದಾ ಎತ್ತಿ ಮೇವಿಸ್‌ಗೊಂದು ಮೆತ್ತನೆಯ ಕುರ್ಚಿ ತರಿಸಿತು. ಸಭಾಂಗಣಕ್ಕೆ ಕರೆದು ಕೊಡುವ ಹಾಗಿರಲಿಲ್ಲ, ಆದ್ದರಿಂದ ನಾಲ್ಕು ಜನ ಹೊತ್ತುಕೊಂಡು ಹೋಗಿ ಬೋರ್ಡಿನ ಮುಂದೆ ಇಟ್ಟರು. ಅವಳು ಲೈನು ಕೊಡುತ್ತಲೇ ಎದ್ದು, ಹಳೆಯದನ್ನು ಕಾಲಲ್ಲಿ ಒತ್ತರಿಸಿ, ಹೊಸದರ ಮೇಲೆ ಕೂತಳು.

“ಹೇಗಿದೆ?” ಬರ್ಟ್ ಕೇಳಿದ.

“ಬೆನ್ನಿಗೆ ಒಳ್ಳೇದು,” ಎಂದಳು, ತಿರುಗಿ ನೋಡದೆ.