ಪಂಚೆಯ ಹಿಂದಿನ ಸ್ಪೀಕರ್

ಎರಡು ಸಾವಿರದ ಎಂಟುನೂರು ಕೊಟ್ಟೆ. ಚಿತ್ರದುರ್ಗದ ಅಂಗಡಿಯವನು ಮೊದಲು ನಾಲ್ಕು ಸಾವಿರಕ್ಕಿಂತ ಒಂದು ರೂಪಾಯಿಯೂ ಇಳಿಸುವುದಿಲ್ಲ ಎಂದಿದ್ದ. ಮರದ ಪೆಟ್ಟಿಗೆಯ ಹಳೇ ಜೋಡಿ ಸ್ಪೀಕರ್. ಎಡಗಡೆಯದರಲ್ಲಿ ಟ್ವೀಟರ್, ಅಂದರೆ ತೆಳು ದನಿ ನುಡಿಸುವ ಸಣ್ಣ ಸ್ಪೀಕರ್, ಸತ್ತಿತ್ತು. ಕೇಳಿದ ತಕ್ಷಣ ನನಗೆ ಗೊತ್ತಾಯಿತು. ಆದರೂ ಪಕ್ಕದಲ್ಲಿದ್ದ ಗಿರಾಕಿ ಹೋಗುವವರೆಗೆ ಕಾದು ಹೇಳಿದೆ. ಮನೆಗೆ ತಂದು ಹೊಸ ಟ್ವೀಟರಿಗೆ ಬೆಸುಗೆ ಹಾಕುವಾಗ ರಾಳ ಸುಟ್ಟ ವಾಸನೆ ಎದ್ದಿತು... ಹೊಳಲ್ಕೆರೆಯ ರೇಡಿಯೋ ರಿಪೇರಿಯವರು ಎದುರಿಗೆ ಬಂದು ಕೂತಂತಾಯಿತು.

ಕ್ಯಾಸೆಟ್ಟಿನ ಕಾಲ ಅದು. ನಾನು ಸೈಕಲ್ಲಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ತಾಳ್ಯ, ಬಿ.ದುರ್ಗದ ಕಡೆ ಮಾರುತ್ತಿದ್ದೆ. ಹೊಸದಾಗಿ ಮದುವೆಯಾಗಿತ್ತು. ಮನೆಯಲ್ಲಿ ಹಾಡು ಚೆನ್ನಾಗಿ ಕೇಳಬೇಕೆಂಬ ಆಸೆ, ಜೇಬಿನಲ್ಲಿ ಒಂಬೈನೂರು ರೂಪಾಯಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಹಳೇ ಸ್ಪೀಕರುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಕಪಾಟಿನ ಮುಂದೆ ಬಿಳಿ ಪಂಚೆ ಇಳಿಬಿಟ್ಟು, ಅದರ ಹಿಂದೆ ದುಬಾರಿಯದೊಂದು, ಅಗ್ಗದ್ದೊಂದು ಜೋಡಿ ಇಟ್ಟು, ಒಂದಾದ ಮೇಲೊಂದು ನುಡಿಸುತ್ತಿದ್ದರು. ಅದಕ್ಕೂ ಮೊದಲು ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತಿದ್ದರು. ಜೋರಾಗಿ ನುಡಿದದ್ದೇ ಒಳ್ಳೆಯದು ಅನ್ನಿಸಿಬಿಡುತ್ತದಲ್ಲ, ಅದಕ್ಕೆ. "ಪೆಟ್ಟಿಗೆ ನೋಡಿದ್ರೆ ಪಾಲಿಶ್‌ಗೆ ದುಡ್ಡು ಕೊಡ್ತೀಯ. ಸುಮ್ನೆ ಕೇಳು" ಎಂದಿದ್ದರು ನನಗೆ.

ಕಣ್ಣು ಮುಚ್ಚಿ ಕೇಳಿ ನಾನು ಆರಿಸಿದ್ದು ಅಗ್ಗದ್ದನ್ನೇ. ಅದಕ್ಕೂ ಸಾವಿರದ ಇನ್ನೂರು ಹೇಳಿದರು. ಒಂದೊಂದು ಕಡೆಯನ್ನೇ ನುಡಿಸಿ ಎಂದೆ. ಬಲಗಡೆ ತಾಳದ ಕಿಣಿಕಿಣಿ ಇರಲೇ ಇಲ್ಲ. ದಿನವೂ ಪಾತ್ರೆ ತಟ್ಟಿ ದನಿ ನೋಡುವ ಕಿವಿ ನನ್ನದು. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಹಿಡಿತ ಎಲ್ಲಿ ಸಿಗಬೇಕು? ಸ್ಪೀಕರ್ ಕೊಳ್ಳಲು ಬಂದ ಶಾಲೆಯ ಮೇಷ್ಟ್ರೊಬ್ಬರು ಪಕ್ಕದಲ್ಲೇ ನಿಂತಿದ್ದರು. ಅವರಿಗೂ ಕೇಳುವಂತೆ ಹೇಳಿದೆ.

"ಯಜಮಾನ್ರೇ, ಬಲಗಡೆ ಟ್ವೀಟರ್ ಸತ್ತೈತೆ. ನಿಮ್ಗೆ ಕೇಳ್ಸಲ್ವಾ?"

ರಿಪೇರಿಯವರು ಬಗ್ಗಿ ಸ್ಪೀಕರಿಗೆ ಒಂದು ಕಿವಿ ಇಟ್ಟರು. ಆಮೇಲೆ ಇನ್ನೊಂದು ಕಿವಿ. ಕೊನೆಗೆ ಅದರ ಮೇಲೆ ಅಂಗೈ ಇಟ್ಟು ಅದುರುತ್ತಿದೆಯೇ ಎಂದು ನೋಡಿದರು... ಮೇಷ್ಟ್ರು ಇನ್ನೊಮ್ಮೆ ಬರುತ್ತೇನೆಂದು ಹೊರಟುಹೋದರು. ಒಂಬೈನೂರಕ್ಕೆ ಕೇಳಿದೆ. ಮರುಮಾತಿಲ್ಲದೆ ಒಪ್ಪಿದರು. ಹೊಸ ಟ್ವೀಟರ್ ಹಾಕುತ್ತಾ, ತಲೆ ಎತ್ತದೆ ಅಂದರು:

"ಆ ಸಣ್ಣ ಸದ್ದು ನಂಗೆ ಕೇಳದೆ ಎರಡು ವರ್ಷ ಆತಪ್ಪ. ಊರಿಗೆ ಗೊತ್ತಾದ್ರೆ ಈ ಅಂಗ್ಡಿಗೆ ಯಾರು ಬರ್ತಾರೆ?"

ಉಳಿಸಿದ ಆ ಮುನ್ನೂರು ರೂಪಾಯಿ ನನಗೆ ಒಂದು ದಿನವೂ ಖುಷಿ ಕೊಡಲಿಲ್ಲ. ಮುಂದಿನ ಸಂತೆಯ ದಿನ ಹೋಗಿ ಅವರ ಸ್ಟೂಲಿನ ಮೇಲೆ ಕೂತೆ.

"ಏನಪ್ಪ ಪಾತ್ರೆ, ಇನ್ನೂ ಮುನ್ನೂರು ಇಳಿಸಾಕೆ ಬಂದ್ಯಾ?"

ಇಲ್ಲ ಎಂದು, ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಗಿರಾಕಿಗಳಿಗೆ ನುಡಿಸುವಾಗ ನಾನು ಇಲ್ಲೇ ಕೂತು ಕೇಳುತ್ತೇನೆ. ಎಡಗಡೆಯದು ಕೆಟ್ಟಿದ್ದರೆ ನನ್ನ ಬೆರಳು ಸ್ಟೂಲನ್ನು ಒಂದು ಸಲ ತಟ್ಟುತ್ತದೆ, ಬಲಗಡೆಯದಾದರೆ ಎರಡು ಸಲ. ಸುಮ್ಮನಿದ್ದರೆ ಎಲ್ಲ ಸರಿ. ಅವರು ಕೈಯಲ್ಲಿದ್ದ ಕೆಲಸ ಬದಿಗಿಟ್ಟರು. ಆಮೇಲೆ ಚಹಾ ತರಿಸಿದರು. ಅಂದಿನಿಂದ ಸಂತೆಯ ದಿನವೆಲ್ಲ ಗಿರಾಕಿಗಳು ಪಂಚೆ ನೋಡುತ್ತಿದ್ದರು, ಅವರು ನನ್ನ ಬೆರಳು ನೋಡುತ್ತಿದ್ದರು. ತಟ್ಟಿದರೆ "ಸ್ವಲ್ಪ ತಡೀರಿ" ಎಂದು ಆ ಜೋಡಿಯನ್ನು ಕೆಳಗಿಳಿಸಿ ಸರಿಮಾಡುತ್ತಿದ್ದರು. ನಾನು ಹಾಡಿಗೆ ತಾಳ ಹಾಕುತ್ತಿದ್ದೇನೆಂದೇ ಜನ ತಿಳಿದಿದ್ದರು. ಕೆಲವು ತಿಂಗಳಾದ ಮೇಲೆ ಆ ಮೇಷ್ಟ್ರೂ ಬಂದು ಒಂದು ಜೋಡಿ ಒಯ್ದರು.

ಮುಂದೆ ನಾನು ಹಿರಿಯೂರಿನಲ್ಲಿ ಪಾತ್ರೆ ಅಂಗಡಿ ಹಾಕಿದೆ. ಹೋಗಿಬರುವುದು ಕಡಿಮೆಯಾಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಂಗಳು ಕಳೆದಿತ್ತು...

ಈಗ ಬೆಸುಗೆ ಮುಗಿಸಿ ಹಾಡು ಹಾಕಿದೆ. ಎರಡೂ ಕಡೆ ಕಿಣಿಕಿಣಿ ಸರಿಯಾಗಿ ಬಂತು. ಬೆರಳು ಮೇಜಿನ ಮೇಲೆ ಸುಮ್ಮನಿತ್ತು. ಅದನ್ನು ನೋಡಿ ತಲೆಯಾಡಿಸುವವರು ಯಾರೂ ಇರಲಿಲ್ಲ.

ನೀವೂ ಕಡಿಮೆ ದುಡ್ಡಿನಲ್ಲಿ ಸ್ಪೀಕರ್ ಕೊಳ್ಳುವವರಾದರೆ, ನೂರು ಸಲ ಕೇಳಿದ ಹಾಡನ್ನೇ ಒಯ್ಯಿರಿ. ದನಿ ಸಮ ಮಾಡಿಸಿ, ಕಣ್ಣು ಮುಚ್ಚಿ, ಒಂದೊಂದು ಕಡೆಯನ್ನೇ ಕೇಳಿ. ದೋಷ ಸಿಕ್ಕರೆ ಬೆಲೆ ಇಳಿಸಿ, ನಾಚಿಕೆ ಬೇಡ. ಆದರೆ ಪಕ್ಕದ ಗಿರಾಕಿ ಮೆಟ್ಟಿಲಿಳಿಯುವವರೆಗೆ ಬಾಯಿ ತೆರೆಯಬೇಡಿ.