ಎರಡು ಬಾವುಟ ಎತ್ತಿದ ಕ್ಲೆಮ್

ಕ್ಲೆಮ್ ಹಾಕಿಂಗ್ ಕುರಾಬಿನ್‌ಗೆ ಬಂದು ನೆಲೆನಿಂತು ಇಪ್ಪತ್ತು ವರ್ಷವಾಗಿತ್ತು. ಊರವರ ಬಾಯಲ್ಲಿ ಮಾತ್ರ ಅವನಿನ್ನೂ ಹೊರಗಿನವನೇ. ವಾರವಿಡೀ ಗೋಧಿ ಗೋದಾಮಿನಲ್ಲಿ ದುಡಿದು, ಶನಿವಾರ ಬಿಳಿ ಕೋಟು ತೊಟ್ಟು ಫುಟ್‌ಬಾಲ್ ಮೈದಾನದ ಗೋಲುಗಂಬದ ಬುಡದಲ್ಲಿ ಅಂಪೈರಾಗಿ ನಿಲ್ಲುತ್ತಿದ್ದ. ಎರಡನೇ ದರ್ಜೆಯ ಲೀಗಿಗೆ ಸಂಬಳದ ಅಂಪೈರುಗಳು ಎಲ್ಲಿಂದ ಬರಬೇಕು? ಪ್ರತಿ ತಂಡವೂ ತನ್ನವನೊಬ್ಬನನ್ನು ಕಳಿಸಬೇಕು, ಅವನು ತನ್ನವರನ್ನೇ ಮರೆತು ತೀರ್ಪು ಕೊಡಬೇಕು. ಅಲ್ಲಿಯ ಫುಟ್‌ಬಾಲಿನ ಲೆಕ್ಕವೇ ಬೇರೆ: ಒದ್ದ ಚೆಂಡು ಎಲ್ಲೂ ತಾಗದೆ ನಡುಗಂಬಗಳ ಮಧ್ಯೆ ಹಾದರೆ ಅಂಪೈರು ಎರಡು ಬಾವುಟ ಎತ್ತಬೇಕು, ಆರು ಅಂಕ. ಕಂಬಕ್ಕೆ ತಾಗಿದರೆ ಒಂದು ಬಾವುಟ, ಒಂದೇ ಅಂಕ. ಕ್ಲೆಮ್ ಕಡ್ಡಿ ಮುರಿದ ಹಾಗೆ ತೀರ್ಪು ಕೊಡುತ್ತಿದ್ದ. ಅದಕ್ಕೇ ಪರ ಊರವರು ಗೌರವಿಸುತ್ತಿದ್ದರು, ಸ್ವಂತ ಊರವರು ಬೈಯುತ್ತಿದ್ದರು.

ಅವನಿಗಿದ್ದ ಹಾಳು ಆಸೆ ಒಂದೇ. ಊರ ತಂಡದ ಕ್ಲಬ್ಬಿನ ಗೋಡೆಯಲ್ಲಿ ಆಜೀವ ಸದಸ್ಯರ ಹೆಸರು ಬರೆದ ಹಲಗೆಯಿದೆ, ಅದರಲ್ಲಿ ತನ್ನದೂ ಇರಬೇಕು.

ಫೈನಲ್ ದಿನ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷ ನೆವಿಲ್ ಶುಲ್ಟ್ಜ್ ಬೆಣ್ಣೆ ಹಚ್ಚಲು ಬಂದ.

"ಹಲಗೇಲಿ ಇನ್ನೊಂದು ಹೆಸರಿಗೆ ಜಾಗ ಇದೆ ಗುರೂ. ಇವತ್ತೊಂದಿನ ನಮ್ಮೋನಾಗಿರು."

"ನಾನ್ಯಾವತ್ತು ನಿಮ್ಮೋನಾಗಿರ್ಲಿಲ್ಲ ನೆವಿಲ್?"

"ಅದನ್ನೇ ಹೇಳ್ತಿರೋದು. ತೋರ್ಸು."

ಆಟ ಮುಗಿಯುವ ಹೊತ್ತಿಗೆ ಕುರಾಬಿನ್ ನಾಲ್ಕು ಅಂಕ ಹಿಂದಿತ್ತು. ಕೊನೆಯ ಒದೆತ ಕುರಾಬಿನ್‌ನವರದೇ. ಚೆಂಡು ಕಂಬವನ್ನು ಸವರಿಕೊಂಡು ಹೋದದ್ದನ್ನು ಕ್ಲೆಮ್ ಕಣ್ಣಾರೆ ಕಂಡ. ಕಂಡೂ ಎರಡು ಬಾವುಟ ಎತ್ತಿದ. ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಹೊಡೆದವು. ಆ ಸಂಜೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. "ನಮ್ ಕ್ಲೆಮ್" ಎಂದರು. ಪಾಪ, ಮುದುಕ ಅತ್ತುಬಿಟ್ಟ.

ಸೋತ ತಂಡದ ಯಾರದೋ ಫೋನಿನಲ್ಲಿ ಎಲ್ಲ ಸೆರೆಯಾಗಿತ್ತು. ಲೀಗಿನವರು ವಿಚಾರಣೆಗೆ ಕರೆದರು. ಕ್ಲಬ್ಬೇ ಹೇಳಿ ಮಾಡಿಸಿದ್ದರೆ ಕಪ್ ವಾಪಸ್, ಒಬ್ಬನದೇ ಕೈವಾಡವಾದರೆ ಶಿಕ್ಷೆ ಅವನಿಗೆ ಮಾತ್ರ ಎಂದರು.

ನೆವಿಲ್ ಎದ್ದು ನಿಂತು ಚೆನ್ನಾಗಿ ಕೈ ತೊಳೆದುಕೊಂಡ. "ನಮಗೇನೂ ಗೊತ್ತಿಲ್ಲ ಸ್ವಾಮಿ. ಅವನು ನಮ್ಮೂರೋನೂ ಅಲ್ಲ."

ಎಲ್ಲರೂ ಕ್ಲೆಮ್ ಕಡೆ ನೋಡಿದರು. ಬಾಯಿಬಿಟ್ಟಿದ್ದರೆ ನೆವಿಲ್ ಮುಳುಗುತ್ತಿದ್ದ. ಆದರೆ ಕ್ಲೆಮ್, "ಹೌದು, ನಾನೊಬ್ನೇ ಮಾಡಿದ್ದು" ಎಂದ. ಇಷ್ಟು ಮಾಡಿದ ಮೇಲೆ ತನ್ನನ್ನು ಕೈಬಿಡುತ್ತಾರೆಯೇ ಎಂದುಕೊಂಡಿದ್ದ, ದಡ್ಡ. ಲೀಗಿನ ಯಾವ ಮೈದಾನಕ್ಕೂ ಸಾಯುವವರೆಗೆ ಕಾಲಿಡಬಾರದೆಂದು ಅವನಿಗೆ ಬಹಿಷ್ಕಾರ ಬಿತ್ತು. ಕಪ್ ಕುರಾಬಿನ್‌ನಲ್ಲೇ ಉಳಿಯಿತು.

ಎರಡು ವಾರ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ನೆವಿಲ್ ಸಿಕ್ಕ. ಕ್ಲೆಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೆವಿಲ್, ಆ ಹಲಗೆ ವಿಷಯ..."

ನೆವಿಲ್‌ಗೆ ನಿಜಕ್ಕೂ ಆಶ್ಚರ್ಯವಾಯಿತು. "ಅಲ್ಲಯ್ಯಾ, ಮೋಸ ಮಾಡ್ದೋನ ಹೆಸರು ಗೋಡೆ ಮೇಲೆ ಹಾಕಿದ್ರೆ ನಮ್ಮ ಮಕ್ಕಳು ಏನ್ ಕಲೀತಾರೆ?" ಎಂದು ಕೇಳಿ, ಟ್ಯಾಂಕಿನ ಮುಚ್ಚಳ ಹಾಕಿಕೊಂಡು ಹೊರಟುಹೋದ.