ಅಳತೆಯ ಕಂಬಕ್ಕೆ ಹಚ್ಚಿದ ವಿಭೂತಿ

1998ರ ಶ್ರಾವಣ. ಮಂಡಿಪೇಟೆಯ ನಮ್ಮ ಓಣಿಯಿಂದ ಐದು ಜನ ಹೆಂಗಸರು ತುಂಬಿದ ತುಂಗಭದ್ರೆಗೆ ಬಾಗಿನ ಕೊಡಲು ಹರಿಹರಕ್ಕೆ ಹೋಗಿದ್ದೆವು. ಮುಂದಾಳು ನಮ್ಮ ಅತ್ತೆ. ನೆಟ್ಟಗೆ ನಿಂತ ಕಲ್ಲು ಕಂಡರೆ ಸಾಕು, ಅವರ ಕೈ ವಿಭೂತಿ ಹುಡುಕುತ್ತಿತ್ತು.

ಮೆಟ್ಟಿಲ ಪಕ್ಕ ನೀರಿನಂಚಿನಲ್ಲೇ ಒಂದು ಬಿಳಿ ಕಂಬವಿತ್ತು. ಮೈತುಂಬ ಕಪ್ಪು ಗೆರೆ, ಅಂಕಿ. "ಗಂಗವ್ವನ ಕಂಬ, ಬರ್ರಿ" ಎಂದು ಅತ್ತೆ ಅದಕ್ಕೆ ಬುಡದಿಂದ ತಲೆಯವರೆಗೆ ಅರಿಶಿನ ಮೆತ್ತಿ, ಮೇಲೆ ಮೂರೆಳೆ ವಿಭೂತಿ ಎಳೆದರು. ಓದು ಬರಹ ಬಲ್ಲ ನಾನೂ ಭಕ್ತಿಯಿಂದ ಕೈ ಮುಗಿದೆ. ಅಂಕಿ ಯಾಕಿದೆ ಎಂದು ಯೋಚಿಸಲೇ ಇಲ್ಲ! ಬಾಗಿನ ಬಿಟ್ಟು, ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಹರಟುತ್ತ ಕುಳಿತೆವು.

ಹನ್ನೊಂದಕ್ಕೆ ಸರಿಯಾಗಿ ಮೇಲಿನ ಶೆಡ್ಡಿನಿಂದ ಖಾಕಿ ಅಂಗಿಯ ಹಿರಿಯರೊಬ್ಬರು ನೋಟ್‌ಬುಕ್ ಹಿಡಿದು ಇಳಿದು ಬಂದರು. ಹೆಸರು ರುದ್ರಪ್ಪ. ಹೊಳೆ ತುಂಬಿದಾಗ ತಾಸಿಗೊಮ್ಮೆ ನೀರಿನ ಮಟ್ಟ ಬರೆದುಕೊಳ್ಳುವುದು ಅವರ ಕೆಲಸ. ಕಂಬ ನೋಡಿ ನಿಂತೇಬಿಟ್ಟರು. ಅಷ್ಟರಲ್ಲಿ ಅದರ ಸುತ್ತ ಮೊಣಕಾಲುದ್ದ ನೀರು ಬಂದಿತ್ತು, ಅಂಕಿಯೆಲ್ಲ ಅರಿಶಿನದಡಿ ಮುಚ್ಚಿಹೋಗಿತ್ತು.

"ಅಂದಾಜಿಗೆ ಬರ್ಕೊಳ್ರಿ ಅಣ್ಣಾ. ನಾಲ್ಕು ಬೆರಳು ಹೆಚ್ಚುಕಮ್ಮಿ ಆದ್ರೆ ಹೊಳೆ ಕೇಳ್ತತೇನು?" ಎಂದರು ಅತ್ತೆ.

"ಹೊಳೆ ಕೇಳಲ್ಲ ಅವ್ವಾರೆ. ಕೆಳಗಿನ ಊರಾಗೆ ದಂಡೆ ಮ್ಯಾಲೆ ಮನೆ ಮಾಡ್ಕೊಂಡೋರು ಕೇಳ್ತಾರೆ. ಈ ಅಂಕಿ ನಂಬೇ ಅವ್ರು ಗಂಟುಮೂಟೆ ಕಟ್ಟಬೇಕು."

ಅವರು ಶೆಡ್ಡಿನಿಂದ ಹಗ್ಗ ತಂದು ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದು ತುದಿ ನಮ್ಮ ಕೈಗಿತ್ತರು. "ಜಾರಿದ್ರೆ ಎಳೀರಿ" ಎಂದವರೇ ಸೆಳೆತಕ್ಕೆ ಇಳಿದು ಟವೆಲ್ಲಿನಿಂದ ಕಂಬ ಉಜ್ಜತೊಡಗಿದರು. ನಾನು ಹಗ್ಗವನ್ನು ಅಂಗೈಗೆ ಸುತ್ತಿಕೊಂಡೆ. ಒಮ್ಮೆ ಕಾಲು ಜಾರಿ ಕೆಳಗಿನ ಮೆಟ್ಟಿಲುಗಳ ಕಡೆ ಹೋಗಿ ಕುತ್ತಿಗೆಯವರೆಗೂ ಮುಳುಗಿದರು. ಐವರೂ ಜೀವ ಬಿಟ್ಟು ಜಗ್ಗಿದೆವು. ನನ್ನ ಬಳೆ ಒಡೆದವು. ಎದ್ದ ಮನುಷ್ಯ ದಂಡೆಗೆ ಬರಬೇಕಲ್ಲ? ಮತ್ತೆ ಕಂಬದ ಕಡೆಗೇ ಹೋದರು! ಅಲೆ ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ ನೋಡಿ, ನಡುವಿನ ಅಂಕಿಯನ್ನು ಕೂಗಿ ಹೇಳಿದರು. ಅವರು ದಂಡೆಯಲ್ಲಿ ಬಿಟ್ಟುಹೋಗಿದ್ದ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡೆ.

ದಂಡೆಗೆ ಬಂದು ನೋಟ್‌ಬುಕ್ ನೋಡಿದವರೇ, "ಒಂದು ತಾಸಿಗೆ ಎರಡು ಗೇಣು ಏರೈತೆ. ಬುತ್ತಿ ಕಟ್ರಿ, ಮ್ಯಾಲೆ ನಡೀರಿ" ಎಂದರು.

"ಮಳೆನೇ ಇಲ್ಲಲ್ರೀ?" ಎಂದೆ.

"ಇಲ್ಲಿ ಬರೋದು ಬ್ಯಾಡ ತಾಯಿ, ಮ್ಯಾಲಿನ ಸೀಮೆಯಾಗೆ ಬಂದ್ರೆ ಸಾಕು."

ಒದ್ದೆ ಬಟ್ಟೆಯಲ್ಲೇ ವೈರ್‌ಲೆಸ್ ಮುಂದೆ ಕುಳಿತು ಅಂಕಿ ಕಳಿಸಿದರು. ನಮಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಹನ್ನೆರಡರ ಹೊತ್ತಿಗೆ ನಾವು ಬುತ್ತಿ ಬಿಚ್ಚಿದ್ದ ಮೆಟ್ಟಿಲು ಕಾಣಲಿಲ್ಲ. ಅಂಥ ದೊಡ್ಡ ಮನುಷ್ಯನನ್ನು ನಾನು ಅಷ್ಟು ಹತ್ತಿರದಿಂದ ಕಂಡಿದ್ದು ಅದೇ ಮೊದಲು.

ಮರುವರ್ಷ ಬಾಗಿನಕ್ಕೆ ಹೋದಾಗ ಅತ್ತೆ ವಿಭೂತಿ ತೆಗೆಯಲಿಲ್ಲ. ಸೆರಗು ಒದ್ದೆ ಮಾಡಿ ಕಂಬದ ಅಂಕಿಗಳನ್ನು ತಿಕ್ಕಿ ತಿಕ್ಕಿ ಒರೆಸಿ, ಶೆಡ್ಡಿನ ಕಡೆ ಕೂಗಿದರು: "ರುದ್ರಪ್ಪಣ್ಣಾ, ಈಗ ಕಾಣ್ತತೇನ್ರೀ?"

ಈಗಲೂ ಪತ್ರಿಕೆಯಲ್ಲಿ ಹೊಳೆಯ ಮಟ್ಟದ ಅಂಕಿ ಕಂಡರೆ, ನನ್ನ ಅಂಗೈಯಲ್ಲಿ ಆ ಹಗ್ಗ ಜಗ್ಗಿದಂತಾಗುತ್ತದೆ.